ಬಿಡುಗಡೆಯಾದ ಪುಸ್ತಕಗಳು ಹೋಗುವುದೆಲ್ಲಿಗೆ?

ನಮ್ಮಲ್ಲಿ ಪುಸ್ತಕ 'ಬಿಡುಗಡೆ'ಯಾಗುತ್ತದೆ ಎನ್ನುತ್ತೇವೆ. ಯಾವ ಸೆರೆಮನೆಯಿಂದ ಬಿಡುಗಡೆ ಎಂದು ಯಾರೂ ಕೇಳುವುದಿಲ್ಲ. ನಾವು ಕಂಡಮಟ್ಟಿಗೆ ಪ್ರೆಸ್ಸಿನ ಕಟ್ಟಿನಿಂದ ಹೊರಬಂದ ಪುಸ್ತಕ ಒಂದು ಸಂಜೆಯ ಮಟ್ಟಿಗೆ ಬಣ್ಣದ ಕಾಗದ ಬಿಚ್ಚಿಸಿಕೊಂಡು, ಅತಿಥಿಗಳ ಎದೆಯ ಮಟ್ಟಕ್ಕೆ ಏರಿ ಫೋಟೋ ತೆಗೆಸಿಕೊಂಡು, ರಾತ್ರಿಯ ಗಾಡಿಯಲ್ಲಿ ಡೊಂಬಿವಲಿಗೋ ಕಲ್ಯಾಣಕ್ಕೋ ಬಂದು ಲೇಖಕರ ಮನೆಯ ಮಂಚದ ಕೆಳಗೆ ಸೇರುತ್ತದೆ. ಸೆರೆವಾಸ ಆರಂಭವಾಗುವುದೇ ಅಲ್ಲಿಂದ. ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಐದು ಜನ ಮಲಗುವ ಕಡೆ ನಾನೂರು ಪುಸ್ತಕಗಳೂ ಮಲಗಬೇಕು. ಎರಡು ಮಳೆಗಾಲ ಕಳೆದ ಮೇಲೆ ಮನೆಯವರು ಅವನ್ನು ಲಾಫ್ಟಿಗೆ ಏರಿಸುತ್ತಾರೆ. ಮನೆ ಬದಲಿಸುವ ದಿನ ರದ್ದಿಯವನು ಬರುತ್ತಾನೆ. ಕಥೆ, ಕವನ, ಪ್ರವಾಸ ಕಥನ ಎಂಬ ಭೇದ ಅವನಿಗಿಲ್ಲ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾನೆ.

ನಗಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಠಾಣೆಯಿಂದ ಕಲ್ಯಾಣದವರೆಗೆ, ಖಾಡಿಯ ಆಚೆ ವಾಶಿ, ನೆರೂಳ್, ಬೇಲಾಪುರದವರೆಗೆ ನೆಲಸಿರುವ ನಮ್ಮ ಜನರಲ್ಲಿ ಬರೆಯುವವರಿಗೆ ಕೊರತೆಯಿಲ್ಲ. ಬ್ಯಾಂಕಿನವರಿದ್ದಾರೆ, ರೈಲ್ವೆಯವರಿದ್ದಾರೆ, ಹೋಟೆಲಿನ ಗಲ್ಲೆಯಲ್ಲಿ ಕುಳಿತು ಬಿಲ್ಲಿನ ಹಿಂಬದಿಯಲ್ಲಿ ಚುಟುಕ ಬರೆದವರಿದ್ದಾರೆ, ಮಕ್ಕಳು ದೊಡ್ಡವರಾದ ಮೇಲೆ ಲೇಖನಿ ಹಿಡಿದ ಗೃಹಿಣಿಯರಿದ್ದಾರೆ. ಸಂಘದ ಕಾರ್ಯಕ್ರಮ ಮುಗಿದು ಉಪ್ಪಿಟ್ಟಿನ ತಟ್ಟೆ ಕೈಗೆ ಬಂತೆಂದರೆ ಮಾತು ಸುತ್ತಿ ಸುಳಿದು ಅಲ್ಲಿಗೇ ಬರುತ್ತದೆ: "ನಂದೊಂದು ಪುಸ್ತಕ ಬರ್ತಾ ಉಂಟು." ಅದಕ್ಕೆ ಬರುವ ಪ್ರಶ್ನೆಗಳೂ ಗೊತ್ತಾದವೇ. ಮುನ್ನುಡಿ ಯಾರದು? ಬಿಡುಗಡೆಗೆ ಊರಿನಿಂದ ಯಾರನ್ನು ಕರೆಸುತ್ತೀರಿ? ಪ್ರಕಾಶಕರು ಬೆಂಗಳೂರಿನವರೋ, ಮಂಗಳೂರಿನವರೋ? ಎಷ್ಟು ಬಿತ್ತು? ಪುಸ್ತಕದಲ್ಲಿ ಏನಿದೆ ಎಂದು ಕೇಳಿದವರನ್ನು ನಾವು ಇನ್ನೂ ಕಾಣಬೇಕಾಗಿದೆ.

'ಎಷ್ಟು ಬಿತ್ತು' ಎಂಬ ಪ್ರಶ್ನೆಯನ್ನೇ ನೋಡಿ. ತನ್ನ ಹಣ ಹೂಡಿ, ಹಸ್ತಪ್ರತಿ ಓದಿ, ತಿದ್ದಿಸಿ, ಅಚ್ಚು ಹಾಕಿಸಿ, ಮಾರಿ, ಲೇಖಕನಿಗೆ ಗೌರವಧನ ಕೊಡುವವನೇ ಪ್ರಕಾಶಕ ಎಂದು ನಾವು ತಿಳಿದಿದ್ದೆವು. ಈಗ ಹಣ ಲೇಖಕನದು, ಪ್ರೂಫು ನೋಡುವುದು ಲೇಖಕನ ಮಗಳು, ಮಾರುವುದು ಲೇಖಕನ ಭಾವಮೈದುನ. ಪ್ರಕಾಶಕನದು ಹೆಸರು ಮಾತ್ರ. (ಎಲ್ಲರೂ ಹೀಗಲ್ಲ. ಕೈಸುಟ್ಟುಕೊಂಡೂ ಒಳ್ಳೆಯ ಪುಸ್ತಕ ಹೊರಡಿಸುವವರು ಇಂದಿಗೂ ಇದ್ದಾರೆ, ಅವರ ಮುಂದೆ ನಮ್ಮ ತಲೆ ತಗ್ಗಿದೆ.) ಕಲ್ಯಾಣದ ಮಿತ್ರರೊಬ್ಬರು, ಕಾರಖಾನೆಯಿಂದ ನಿವೃತ್ತರಾದವರು, ವಿಮೆಯ ಪಾಲಿಸಿ ಮುಗಿದು ಬಂದ ಹಣವನ್ನು ತಮ್ಮ ಕಾದಂಬರಿಗೆ ಹಾಕಿದರು. 500 ಪ್ರತಿ ಎಂದು ಮಾತು. ಮನೆಗೆ ಬಂದದ್ದು 200. ಉಳಿದವು 'ಅಂಗಡಿಗಳಿಗೆ ಹೋಗಿವೆ' ಎಂದು ಉತ್ತರ. ಮೂರು ವರ್ಷವಾದರೂ ಒಂದು ಪೈಸೆಯ ಲೆಕ್ಕ ಬರಲಿಲ್ಲ. ನಿಜವಾಗಿ ಅಚ್ಚಾದದ್ದೆಷ್ಟು ಎಂಬುದೇ ಅವರಿಗೆ ತಿಳಿಯದು. ಕರಾರುಪತ್ರ ಎಲ್ಲಿ ಎಂದು ಕೇಳಿದೆವು. "ಅದೆಲ್ಲ ಹೇಗೆ ಕೇಳುವುದು ಮಾರಾಯ್ರೆ, ಅಷ್ಟು ದೊಡ್ಡವರತ್ರ!" ಎಂದರು. ಫ್ಲಾಟು ಕೊಳ್ಳುವಾಗ ಬಿಲ್ಡರನ ಅಗ್ರಿಮೆಂಟನ್ನು ಇಬ್ಬರು ವಕೀಲರಿಗೆ ತೋರಿಸಿದವರು ಇವರೇ.

ಸಂಕೋಚಕ್ಕೆ ಮೂಲ ತಿಳಿವಳಿಕೆಯ ಅಭಾವ. ಆದುದರಿಂದ ಕೆಲವು ಒಣ ಸಂಗತಿಗಳನ್ನು ಇಲ್ಲೇ ಹೇಳಿಬಿಡುತ್ತೇವೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಬರೆದವನೇ ಕೃತಿಯ ಮೊದಲ ಒಡೆಯ. ಆ ಹಕ್ಕು ಅವನ ಜೀವಮಾನವಿಡೀ, ಅನಂತರ 60 ವರ್ಷ ಅವನ ಮನೆಯವರಿಗೆ. ಹಕ್ಕನ್ನು ಬಿಟ್ಟುಕೊಡುವುದಾದರೆ ಅದು ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆದಿರದಿದ್ದರೆ ಐದು ವರ್ಷವೆಂದೇ ಕಾಯಿದೆ ಭಾವಿಸುತ್ತದೆ. ಬೆನ್ನಿನ ಮೇಲೆ ಅಚ್ಚಾಗುವ ಐ.ಎಸ್.ಬಿ.ಎನ್. ಸಂಖ್ಯೆಯನ್ನು ಕೇಂದ್ರ ಸರಕಾರದ ರಾಜಾ ರಾಮಮೋಹನ ರಾಯ್ ಹೆಸರಿನ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಸ್ವಂತ ಪ್ರಕಟಿಸುವ ಲೇಖಕನಿಗೂ ಕೊಡುತ್ತದೆ. ಅದಕ್ಕೆಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಅದು ಸಂಖ್ಯೆಯ ಬೆಲೆಯಲ್ಲ, ನಿಮ್ಮ ಅಜ್ಞಾನದ ಬೆಲೆ. ಇನ್ನು ನಮ್ಮಂಥ ಕೇಂದ್ರ ಸರಕಾರದ ನೌಕರರಲ್ಲಿ ಒಂದು ವಿಚಿತ್ರ ಭಯವಿದೆ: ಪುಸ್ತಕ ತಂದರೆ ಆಫೀಸಿನವರು ಮೆಮೊ ಕೊಟ್ಟಾರೆಂದು. 1964ರ ನಡತೆ ನಿಯಮಗಳಲ್ಲಿ ಶುದ್ಧ ಸಾಹಿತ್ಯಕ, ಕಲಾತ್ಮಕ, ವೈಜ್ಞಾನಿಕ ಬರವಣಿಗೆಗೆ ಮುಂಚಿತ ಅನುಮತಿ ಬೇಕಿಲ್ಲವೆಂದೇ ಇದೆ. ಈ ಭಯದಿಂದ ಹೆಂಡತಿಯ ಹೆಸರಿನಲ್ಲಿ ಕವನ ಸಂಕಲನ ತಂದವರೊಬ್ಬರನ್ನು ಬಲ್ಲೆವು. ಈಗ ಸನ್ಮಾನವೆಲ್ಲ ಆ ತಾಯಿಗೇ ಆಗುತ್ತಿದೆ, ಅವರು ಮುಜುಗರದಿಂದ ಕಾರ್ಯಕ್ರಮಗಳಿಗೆ ಬರುವುದನ್ನೇ ಬಿಟ್ಟಿದ್ದಾರೆ.

ಇನ್ನೊಂದು ಆಸೆಯ ಹೆಸರು 'ಲೈಬ್ರರಿಗೆ ಹೋಗುತ್ತದೆ' ಎಂಬುದು. ಕರ್ನಾಟಕದಲ್ಲಿ 1965ರ ಕಾಯಿದೆಯ ಬಲದಿಂದ ಸಾರ್ವಜನಿಕ ಗ್ರಂಥಾಲಯ ಇಲಾಖೆ ನಿಂತಿದೆ; ಆಯ್ಕೆಯಾದ ಪುಸ್ತಕದ ಸುಮಾರು 300 ಪ್ರತಿ ಕೊಳ್ಳುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಅದರಿಂದ ಕನ್ನಡ ಪ್ರಕಾಶನ ಉಸಿರಾಡಿತು, ಸುಳ್ಳಲ್ಲ. ಆದರೆ ಪುಟಕ್ಕಿಷ್ಟು ಎಂದು ಬೆಲೆ ಕಟ್ಟುವ ಇಲಾಖೆಗಾಗಿಯೇ ಪುಸ್ತಕಗಳು ಅಚ್ಚಾಗತೊಡಗಿದವು, ಓದುಗನಿಗಾಗಿ ಅಲ್ಲ. ಆಯ್ಕೆಗೆ, ಖರೀದಿಗೆ, ಹಣಕ್ಕೆ ವರ್ಷಗಟ್ಟಲೆ ಕಾಯಬೇಕೆಂದು ಪ್ರಕಾಶಕರೇ ಗೋಳಾಡುತ್ತಾರೆ. 1993ರಲ್ಲಿ ಹುಟ್ಟಿದ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದು ಯುವ ಬರಹಗಾರರಿಗೆ. ನಮ್ಮಲ್ಲಿ ಚೊಚ್ಚಲ ಕೃತಿ ಬರುವುದು ಐವತ್ತೈದರ ಮೇಲೆ! ಒಟ್ಟಿನಲ್ಲಿ ಬೆಂಗಳೂರಿನ ಮರದ ಹಣ್ಣು ಉದುರಿ ಡೊಂಬಿವಲಿಯ ಅಂಗಳಕ್ಕೆ ಬೀಳಲೆಂದು ಕಾಯುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದೇ ತಪ್ಪೆ? ನಾವು ಹಾಗೆನ್ನಲಾರೆವು. ಕನ್ನಡದ ದೊಡ್ಡ ಹೆಸರುಗಳಲ್ಲಿ ಎಷ್ಟೋ ಜನ ತಮ್ಮ ಪುಸ್ತಕವನ್ನು ತಾವೇ ಹೊರಡಿಸಿದವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಅಚ್ಚುಕೂಟವನ್ನೇ ನಡೆಸಿದರು. ಕುವೆಂಪು ಕೃತಿಗಳು ಮೈಸೂರಿನ ಅವರದೇ ಉದಯರವಿ ಪ್ರಕಾಶನದಿಂದ ಬಂದವು. ಇವರಿಗೂ ಹಿಂದೆ ಗಳಗನಾಥರು (1869-1942) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರಿಂದ ಊರಿಗೆ ನಡೆದು ಮನೆಬಾಗಿಲಲ್ಲಿ ಮಾರಿದರು. ಓದಲು ಬಾರದ ಹಳ್ಳಿಗಳಿಗೂ ಹೋದರು. ಹೊತ್ತದ್ದು ನಿಜ, ಬೇಡಿದ್ದಲ್ಲ, ಮಾರಿದ್ದು. ಕೊಂಡವನು ನಾಲ್ಕು ಕಾಸು ಕೊಟ್ಟಿದ್ದರಿಂದಲೇ ಆ ಪುಸ್ತಕ ಮನೆಯೊಳಗೆ ಹೋಯಿತು, ಸಂಜೆ ದೀಪದ ಕೆಳಗೆ ಒಬ್ಬ ಓದಿದ್ದನ್ನು ಹತ್ತು ಜನ ಕೇಳಿದರು. ನಮ್ಮ ಲೇಖಕರು ಹೊರುವುದೂ ಗಂಟೇ. ಆದರೆ ವ್ಯತ್ಯಾಸ ನೋಡಿ: ಇವರು ದುಡ್ಡು ಕೊಟ್ಟು ಅಚ್ಚು ಹಾಕಿಸಿ, ದುಡ್ಡು ಕೊಟ್ಟು ಹಾಲು ಹಿಡಿದು, ದುಡ್ಡು ಕೊಟ್ಟು ಉಪ್ಪಿಟ್ಟು ತಿನ್ನಿಸಿ, ಕೊನೆಗೆ ಪುಸ್ತಕವನ್ನೂ ಬಿಟ್ಟಿ ಹಂಚುತ್ತಾರೆ.

ಇಲ್ಲಿ ನಮ್ಮ ಸಿಟ್ಟು ಲೇಖಕರ ಮೇಲಲ್ಲ, ಕೈಚಾಚುವ ನಮ್ಮೆಲ್ಲರ ಮೇಲೆ. "ಏನ್ರೀ, ಪುಸ್ತಕ ಬಂತಂತ, ನಮಗೊಂದು ಪ್ರತಿ ಇಲ್ಲೇನ್ರಿ?" ಎಂದು ಹಕ್ಕಿನಿಂದ ಕೇಳುವ ಧಾರವಾಡದ ಕಡೆಯವರೂ, "ನಮ್ಗೊಂದು ಕಾಪಿ ಇಡಿ ಆಯ್ತಾ" ಎನ್ನುವ ಉಡುಪಿಯವರೂ ಈ ಒಂದು ವಿಷಯದಲ್ಲಿ ಅಖಂಡ ಕರ್ನಾಟಕವನ್ನು ಸಾಧಿಸಿದ್ದಾರೆ. ಮಿತ್ರನ ಹೋಟೆಲಿಗೆ ಹೋದರೆ ಬಿಲ್ಲು ಕೊಡುತ್ತೇವೆ, ಮಿತ್ರನ ಅಂಗಡಿಯಲ್ಲಿ ಸೀರೆ ಕೊಂಡರೆ ಹಣ ಎಣಿಸುತ್ತೇವೆ. ಮಿತ್ರ ನಾಲ್ಕು ವರ್ಷ ಕೂತು ಬರೆದ ಪುಸ್ತಕ ಮಾತ್ರ ಪ್ರಸಾದದಂತೆ ಅಂಗೈಗೆ ಬರಬೇಕು. ಬಂದದ್ದನ್ನು ಓದುತ್ತೇವೆಯೆ? 'ಆತ್ಮೀಯರಿಗೆ ಪ್ರೀತಿಯಿಂದ' ಎಂದು ಸಹಿ ಹಾಕಿದ ಪ್ರತಿಯನ್ನು ನಾವೇ ಡೊಂಬಿವಲಿ ಸ್ಟೇಷನ್ ಬಳಿಯ ಹಳೆಯ ಪುಸ್ತಕದ ರಾಶಿಯಲ್ಲಿ ಕಂಡಿದ್ದೇವೆ. ಪುಟಗಳು ಕತ್ತರಿಸಿದಾಗಿನ ಹೊಸ ಅಂಚಿನಲ್ಲೇ ಇದ್ದವು.

'ಇಲ್ಲಿ ಓದುಗರೇ ಇಲ್ಲ' ಎಂಬ ಮಾತು ಒಂದು ಸೋಗು. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯೆಂದು ಬರೆಸಿದವರು ಸುಮಾರು ಹತ್ತು ಲಕ್ಷ. ಸೊಲ್ಲಾಪುರ, ಸಾಂಗಲಿಯ ಗಡಿಭಾಗದವರನ್ನು ಕಳೆದರೂ ನಮ್ಮ ಈ ಪಟ್ಟಿಯಲ್ಲಿ ಉಳಿಯುವವರು ನೂರು ಪುಸ್ತಕ ಕೊಳ್ಳಲಾರದಷ್ಟು ಕಡಿಮೆಯಲ್ಲ. ಅದಲ್ಲದೆ ಮನೆಯಲ್ಲಿ ತುಳು, ಕೊಂಕಣಿ ಆಡಿ ಕನ್ನಡ ಓದುವವರು ಆ ಲೆಕ್ಕದಲ್ಲಿ ಸೇರಿಯೇ ಇಲ್ಲ. ನಮ್ಮ ಸಂಘಗಳ ಬೆನ್ನೆಲುಬೇ ಅವರು. ಇನ್ನು ನೆರೆಯವರನ್ನು ನೋಡಿ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದು. ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು. ಮರಾಠಿ ಸಾಹಿತ್ಯ ಸಮ್ಮೇಳನ 2010ರಲ್ಲಿ ಠಾಣೆಯಲ್ಲಿ, 2017ರಲ್ಲಿ ಡೊಂಬಿವಲಿಯಲ್ಲಿ ನಡೆಯಿತು. ಡೊಂಬಿವಲಿಯ ಸಮ್ಮೇಳನದಲ್ಲಿ ಪುಸ್ತಕದ ಚೀಲ ಹಿಡಿದು ಮಕ್ಕಳೊಡನೆ ಹಿಂದಿರುಗುತ್ತಿದ್ದ ಕುಟುಂಬಗಳನ್ನು ನಾವು ದಾರಿಯಲ್ಲಿ ನಿಂತು ನೋಡಿದೆವು. ಅವರೂ ನಮ್ಮಂತೆಯೇ ಇಕ್ಕಟ್ಟಿನ ಮನೆಯವರು, ಅದೇ ಗಾಡಿಯ ಬಾಗಿಲಲ್ಲಿ ನೇತಾಡಿ ಹೋಗುವವರು. ದೀಪಾವಳಿ ಬಂದರೆ ಅವರಿಗೆ ಚಕ್ಕುಲಿಯ ಜೊತೆಗೆ ವಿಶೇಷಾಂಕವೂ ಬೇಕು.

ನಮ್ಮದೋ? 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬುಕರ್ ಬಂದಾಗ ನಮ್ಮ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ ಅಭಿನಂದನೆಯ ಮಳೆಯೇ ಸುರಿಯಿತು. ನಾವು ಪರಿಚಯದ ಇಪ್ಪತ್ತು ಮನೆಗಳಲ್ಲಿ ಕೇಳಿ ನೋಡಿದೆವು. ಕಥೆ ಓದಿದವರು ಇಬ್ಬರು. ಅವರಲ್ಲಿ ಒಬ್ಬರು ಇಂಗ್ಲಿಷಿನಲ್ಲಿ. ಆ ಕಥೆಗಳು ಮೂವತ್ತು ವರ್ಷಗಳಿಗೂ ಮಿಕ್ಕಿದ ಅವಧಿಯಲ್ಲಿ, ಹಾಸನದಲ್ಲಿದ್ದುಕೊಂಡೇ ಬರೆದವು, ಕನ್ನಡದಲ್ಲಿ ಸಾಮಾನ್ಯ ಬೆಲೆಗೆ ಸಿಗುತ್ತಿದ್ದವು.

ಈಗ ಲೇಖಕರಿಗೂ ಒಂದು ಕಹಿ ಮಾತು. ನಮ್ಮಲ್ಲಿ ಹಸ್ತಪ್ರತಿಯನ್ನು ಅಚ್ಚಿಗೆ ಮೊದಲು ಯಾರೂ ಓದುವುದಿಲ್ಲ. ಮುನ್ನುಡಿಕಾರರು ಓದಿರುತ್ತಾರೆಂದು ನಂಬಿದರೆ ಅದು ನಿಮ್ಮ ಪುಣ್ಯ. ಮೊಬೈಲಿನಲ್ಲಿ ಯುನಿಕೋಡಿನಲ್ಲಿ ಬರೆದದ್ದು ಡಿ.ಟಿ.ಪಿ.ಯವರ ನುಡಿ ಅಕ್ಷರಕ್ಕೆ ಬದಲಾಗುವಾಗ ಅರ್ಕಾವತ್ತು ಹಾರಿಹೋಗಿ, ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿ, 'ಸೂರ್ಯ' 'ಸೂಯ'ನಾದದ್ದೂ ಹಾಗೆಯೇ ಅಚ್ಚಾಗುತ್ತದೆ. ಅದು ಹೊರಗಿನ ಗಾಯ. ಒಳಗಿನದು ಇನ್ನೂ ಆಳವಾದದ್ದು: ಮೂವತ್ತು ವರ್ಷ ಡೊಂಬಿವಲಿಯಲ್ಲಿ ಬಾಳಿದವರ ಕಾದಂಬರಿಯಲ್ಲಿ ಡೊಂಬಿವಲಿಯೇ ಇರುವುದಿಲ್ಲ. ಇರುವುದು ಬಾಲ್ಯದ ಹಳ್ಳಿ, ಅಜ್ಜಿಯ ಮನೆ, ಹೊಳೆ, ಗದ್ದೆ; ಅದೂ ನಾಲ್ಕಾರು ಹಳೆಯ ಕಾದಂಬರಿಗಳಲ್ಲಿ ಓದಿದ ಗದ್ದೆ. ಬೆಳಗಿನ ಆರರ ಗಾಡಿಯಲ್ಲಿ ತರಕಾರಿ ಹೆಚ್ಚುತ್ತಾ ಹೋಗುವ ಹೆಂಗಸರು, ಎಂ.ಐ.ಡಿ.ಸಿ.ಯ ಹೊಗೆ, ನೀರಿನ ಟ್ಯಾಂಕರಿನ ಜಗಳ, ಸಿಡ್ಕೋ ಮನೆಯ ಲಾಟರಿ ಹತ್ತದೆ ಹೋದ ರಾತ್ರಿ, ಕನ್ನಡ ಓದಲು ಬಾರದ ಮೊಮ್ಮಗಳಿಗೆ ಮರಾಠಿಯಲ್ಲಿ ಕತೆ ಹೇಳುವ ಅಜ್ಜ - ಇದನ್ನು ನಾವಲ್ಲದೆ ಇನ್ನಾರು ಬರೆಯಬೇಕು? ಯಶವಂತ ಚಿತ್ತಾಲರು ಮುಂಬಯಿಯ ಕಂಪನಿಯ ಒಳಗನ್ನು 'ಶಿಕಾರಿ'ಯಲ್ಲಿ (1979) ತೆರೆದಿಟ್ಟರು. ವ್ಯಾಸರಾಯ ಬಲ್ಲಾಳರ 'ಬಂಡಾಯ'ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿ.ಎಸ್.ಸಿ. ಬಹುಮಾನ ಸಿಕ್ಕಿತು. ಇವರೂ ನೌಕರಿ ಮಾಡಿಕೊಂಡೇ ಬರೆದವರು. ಪುರುಸೊತ್ತಿಲ್ಲ ಎಂಬ ನೆಪ ಇವರ ಮುಂದೆ ನಿಲ್ಲದು.

ಹಸ್ತಪ್ರತಿಯನ್ನು ಓದುವವರಿದ್ದರೆ ಏನಾಗುತ್ತದೆ ಎಂಬುದಕ್ಕೆ ಧಾರವಾಡದ ಮನೋಹರ ಗ್ರಂಥಮಾಲೆ ಸಾಕ್ಷಿ. 1933ರಲ್ಲಿ ಜಿ. ಬಿ. ಜೋಶಿಯವರು ಅದನ್ನು ಕಟ್ಟಿದ್ದು ಚಂದಾದಾರರನ್ನು ನಂಬಿ. ಮೊದಲೇ ವರ್ಗಣಿ ಕೊಟ್ಟವರಿಗೆ ಪುಸ್ತಕ ಮನೆಗೆ ಬರುತ್ತಿತ್ತು. ಆ ಅಟ್ಟದ ಮೇಲೆ ಜೋಶಿಯವರೂ ಕೀರ್ತಿನಾಥ ಕುರ್ತಕೋಟಿಯವರೂ ಹಸ್ತಪ್ರತಿಗಳನ್ನು ಓದಿ, ವಾದಿಸಿ, ಒಪ್ಪಿದ್ದನ್ನು ಅಚ್ಚಿಗೆ ಕೊಟ್ಟರು. ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಅಲ್ಲಿಂದ ಬಂದಾಗ ಅವರು ಇಪ್ಪತ್ತೆರಡು-ಇಪ್ಪತ್ತಮೂರರ ಹುಡುಗ, ಹೆಸರೇ ಇಲ್ಲದವರು. 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' ಬಂದದ್ದೂ ಅಲ್ಲಿಂದಲೇ. ಚಂದಾದಾರನಿಗೆ ಮುಂದೆ ಯಾವ ಪುಸ್ತಕ ಬರುತ್ತದೆಂದು ತಿಳಿದಿರಲಿಲ್ಲ. ಆಯ್ದವರ ಮೇಲೆ ಅವನಿಗೆ ನಂಬಿಕೆಯಿತ್ತು, ಅಷ್ಟೆ. ಆ ನಂಬಿಕೆಗಾಗಿ ಆಯುವವರು ಹೆದರಿ ಆಯಬೇಕಾಗುತ್ತಿತ್ತು.

ನಮ್ಮ ಸಂಘಗಳು ಇದನ್ನು ಏಕೆ ಮಾಡಬಾರದು? ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು, ಮಾಹಿಮದ ಕರ್ನಾಟಕ ಸಂಘ 1933ರದು. ಕಲೀನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಪುಸ್ತಕ ಹೊರತರುತ್ತಲೇ ಇದೆ. ಆದರೆ ಎಲ್ಲಕ್ಕೂ ಶಹರಕ್ಕೇ ಓಡಿದರೆ ಕಲ್ಯಾಣದವರು ಮನೆ ಸೇರುವಾಗ ಮಧ್ಯರಾತ್ರಿ. ಹಸ್ತಪ್ರತಿ ಓದುವ ಕೂಟ ನಮ್ಮ ಕಡೆಯೇ ಆಗಬೇಕು: ಒಂದು ತಿಂಗಳು ಡೊಂಬಿವಲಿ, ಒಂದು ತಿಂಗಳು ಠಾಣೆ, ಒಂದು ತಿಂಗಳು ವಾಶಿ. ಅಧ್ಯಕ್ಷರಿಲ್ಲ, ಮುಖ್ಯ ಅತಿಥಿಯಿಲ್ಲ, ಶಾಲಿಲ್ಲ. ಬರೆದವರು ಮೂವತ್ತು ಪುಟ ಓದುವುದು, ಮೊದಲೇ ಪ್ರತಿ ಪಡೆದು ಓದಿಬಂದ ಮೂವರು ನೇರವಾಗಿ ಮಾತನಾಡುವುದು. 'ಸೊಗಸಾಗಿದೆ' ಎಂಬ ಪದವನ್ನು ಅಲ್ಲಿ ನಿಷೇಧಿಸಬೇಕೆಂದು ನಮ್ಮ ಸೂಚನೆ. ಎರಡು ಸಲ ತಿದ್ದಿದ ಮೇಲೆ ಕೂಟಕ್ಕೆ ಒಪ್ಪಿಗೆಯಾದ ಕೃತಿ ಅಚ್ಚಿಗೆ.

ಹಣ? ಲೆಕ್ಕ ಹಾಕಿ. ನೂರು ಮನೆ, ವರ್ಷಕ್ಕೆ 500 ರೂಪಾಯಿ ವರ್ಗಣಿ, 50,000 ಆಯಿತು. ಮೊಳೆ ಜೋಡಿಸುವ ಕಾಲದಲ್ಲಿ ಸಾವಿರ ಪ್ರತಿಗೆ ಕಡಿಮೆ ಅಚ್ಚು ಹಾಕಿದರೆ ಗಿಟ್ಟುತ್ತಿರಲಿಲ್ಲ. ಇಂದು ಡಿಜಿಟಲ್ ಯಂತ್ರದಲ್ಲಿ ನೂರೈವತ್ತು ಪ್ರತಿ ತೆಗೆಯಬಹುದು, ಬೇಕಾದರೆ ಮತ್ತೆ ಐವತ್ತು. ನೂರ ಇಪ್ಪತ್ತು ಪುಟದ ಎರಡು ಪುಸ್ತಕಕ್ಕೆ ಈ ಹಣ ಸಾಲುತ್ತದೆ. ಗೌರವ ಪ್ರತಿ ಯಾರಿಗೂ ಇಲ್ಲ, ಸಂಘದ ಅಧ್ಯಕ್ಷರಿಗೂ ಇಲ್ಲ. 1954ರ ಕಾಯಿದೆಯಂತೆ ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಉಳಿದ ಮೂರು ಗ್ರಂಥಾಲಯಗಳಿಗೂ ಸಲ್ಲಬೇಕಾದ ಪ್ರತಿಗಳು ಮಾತ್ರ ಪುಕ್ಕಟೆ. ಅವುಗಳಲ್ಲೊಂದು ನಮ್ಮ ಮುಂಬಯಿಯಲ್ಲೇ ಇದೆ. ಮಂಚದ ಕೆಳಗೆ ಕೊಳೆಯುವ ಬದಲು ನಿಮ್ಮ ಪುಸ್ತಕದ ಒಂದು ಪ್ರತಿಯಾದರೂ ಅಲ್ಲಿ ಉಳಿದೀತು.

ಆಕ್ಷೇಪಗಳು ನಮಗೆ ಗೊತ್ತಿವೆ. ನೇರ ಮಾತಿನಿಂದ ಹಿರಿಯರ ಮನಸ್ಸು ನೋಯುತ್ತದೆ ಎನ್ನುವರು. ನೊಂದರೆ ಒಂದು ಸಂಜೆ ನೋಯುತ್ತದೆ. ಇಪ್ಪತ್ತು ವರ್ಷ ಲಾಫ್ಟನ್ನು ನೋಡಿಕೊಂಡು ನೋಯುವುದಕ್ಕಿಂತ ಮೇಲು. ಕಲ್ಯಾಣದ ಆ ಮಿತ್ರರ ಕಾದಂಬರಿಯನ್ನು ನಾವು ಓದಿದ್ದೇವೆ. ಕಾರಖಾನೆಯ ಬೀಗಮುದ್ರೆಯ ಕಾಲದ ಎಪ್ಪತ್ತು ಪುಟಗಳು ಅದರಲ್ಲಿ ಅಪ್ಪಟ ಚಿನ್ನ. ಉಳಿದ ಇನ್ನೂರನ್ನು ಒಬ್ಬ ಸ್ನೇಹಿತ ಮೊದಲೇ 'ಇದು ಬೇಡ' ಎಂದು ತೆಗೆಸಿದ್ದರೆ ಅವರು ಇಂದು ಬೇರೆಯೇ ಲೇಖಕರಾಗಿರುತ್ತಿದ್ದರು. ಹೇಳುವ ಸ್ನೇಹಿತರು ಅವರಿಗಿರಲಿಲ್ಲ, ಚಪ್ಪಾಳೆ ತಟ್ಟುವವರು ಬಹಳ ಜನವಿದ್ದರು. ಕೂಟವೆಂದರೆ ಗುಂಪುಗಾರಿಕೆ ಬರುತ್ತದೆ ಎಂಬುದು ಎರಡನೆಯ ಆಕ್ಷೇಪ. ಬರುತ್ತದೆ. ಗಣೇಶೋತ್ಸವದ ಸಮಿತಿಯಲ್ಲಿ ಬಂದಿಲ್ಲವೆ? ಅದಕ್ಕಾಗಿ ಗಣಪತಿಯನ್ನು ಕೂರಿಸುವುದನ್ನು ಯಾರೂ ಬಿಟ್ಟಿಲ್ಲ.

ನಮ್ಮ ಮಕ್ಕಳು ಕನ್ನಡ ಓದುವುದಿಲ್ಲ, ಯಾರಿಗಾಗಿ ಇದೆಲ್ಲ ಎಂದು ಕೇಳುವವರಿಗೆ ಉತ್ತರ ಕೊಡುವುದು ಕಷ್ಟ, ಒಪ್ಪುತ್ತೇವೆ. ಆದರೆ ಅಪ್ಪನ ಪುಸ್ತಕವನ್ನು ನೆರೆಮನೆಯವರು ಹಣ ಕೊಟ್ಟು ಕೊಂಡದ್ದನ್ನು ಕಂಡ ಮಗು ಬೇರೆ, ಅಪ್ಪನ ಪುಸ್ತಕವನ್ನು ರದ್ದಿಯವನು ತೂಗಿದ್ದನ್ನು ಕಂಡ ಮಗು ಬೇರೆ. ಎರಡನೆಯದಕ್ಕೆ ಕನ್ನಡ ಕಲಿ ಎಂದು ಹೇಳುವ ಧೈರ್ಯ ನಮಗಿಲ್ಲ.

ಈ ಪತ್ರಿಕೆಯ ಸಂಪಾದಕರಲ್ಲಿ ನಮ್ಮ ಬೇಡಿಕೆ ಇಷ್ಟೆ: ಮುಂದಿನ ಸಂಚಿಕೆಯಿಂದ ಬಿಡುಗಡೆಯ ಫೋಟೋಗಳಿಗೆ ಕೊಡುವ ಎರಡು ಪುಟಗಳಲ್ಲಿ ಒಂದನ್ನು ಪುಸ್ತಕ ಓದಿ ಬರೆದ ವಿಮರ್ಶೆಗೆ ಬಿಟ್ಟುಕೊಡಿ. ಹಸ್ತಪ್ರತಿ ಇಟ್ಟುಕೊಂಡಿರುವ ಮಿತ್ರರು ಅದರ ಮೂರು ಪ್ರತಿ ತೆಗೆಸಿ ಸಂಘದ ಕಚೇರಿಗೆ ತಲುಪಿಸಲಿ. ಮೊದಲ ಮೂರು ಹಸ್ತಪ್ರತಿಗಳ ಜೆರಾಕ್ಸಿನ ಖರ್ಚು ನಮ್ಮದು. ಕೂಟಕ್ಕೆ ಬರುವವರು ಉಪ್ಪಿಟ್ಟು ಮನೆಯಲ್ಲೇ ತಿಂದು ಬರತಕ್ಕದ್ದು.